ಗೋಡೆಯಿಂದ ಇಳಿಸಿದ ಅಚ್ಚು

ನನ್ನ ಮೊಮ್ಮಗಳು ಸಿಂಧು ಅಚ್ಚು ಹಾಕಿದ ಅಂಗಿಗಳನ್ನು ತೊಟ್ಟುಕೊಂಡು ಬೆಟ್ಟದ ಹೆಣ್ಣುಮಕ್ಕಳು ಇವತ್ತು ಕೊಳ್ಳೇಗಾಲದ ಬಯಲಿನಲ್ಲಿ ಕೊಕ್ಕೊ ಆಡಿದರು! ಹಸಿರು ಅಂಗಿ, ಎದೆಯ ಮೇಲೆ ಜೇನುಹುಟ್ಟು, ಬೆನ್ನಿಗೆ ನಂಬರು. ಬಿದ್ದರು, ಎದ್ದರು, ಮಣ್ಣಿನಲ್ಲಿ ಹೊರಳಿದರು. ಒಂದು ಜೇನುಹುಟ್ಟೂ ಬಿರಿಯಲಿಲ್ಲ. ಎರಡು ವರ್ಷಕ್ಕೂ ಮೇಲೆ ನಮ್ಮ ಅಚ್ಚಿನ ಅಂಗಡಿಯ ಬಾಗಿಲು ಮುಚ್ಚಿತ್ತು. ಅದು ತೆರೆದ ಮೇಲೆ ಆಚೆ ಹೋದ ಮೊದಲ ಕೆಲಸ ಇದು.

ಆಟ ಸೋತರು. ಅದಕ್ಕೆ ಅಂಗಿ ಏನು ಮಾಡೀತು? ಗೆದ್ದ ತಂಡದ ಹುಡುಗಿಯೊಬ್ಬಳು ಬಂದು ಸೋತವಳ ಎದೆಯ ಮೇಲಿನ ಜೇನುಹುಟ್ಟನ್ನು ಬೆರಳಿನಲ್ಲಿ ಸವರಿ, "ಎಲ್ಲಿ ಮಾಡ್ಸುದ್ರೇ ಇದ?" ಎಂದು ಕೇಳಿದಳು. "ಇಲ್ಲೇ ಕಣವ್ವ, ನಮ್ಮನೇಲೆ!" ಎಂದು ನಾನು ನಡುವೆ ಬಾಯಿ ಹಾಕಿದೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಆಟೋದವನಿಗೆ ಹೇಳಿದೆ. ಸೊಪ್ಪಿನವಳಿಗೆ ಹೇಳಿದೆ. ನನ್ನ ಮುಖ ನೋಡಿ ಅವಳು, "ಏನಜ್ಜಿ, ಮೊಮ್ಮಗಳಿಗೆ ಗಂಡು ಗೊತ್ತಾಯ್ತಾ?" ಎಂದಳು. "ಅದ್ಕಿಂತ ದೊಡ್ದು ಕಣೆ" ಎಂದೆ. ಅದಕ್ಕಿಂತ ದೊಡ್ಡದು ಏನಿರಬಹುದು ಎಂದು ಅವಳು ಸೊಪ್ಪಿನ ಕಟ್ಟು ಹಿಡಿದುಕೊಂಡೇ ನಿಂತಳು.

ಅಂಗಿಗೆ ಅಚ್ಚು ಹಾಕಿದ್ದಕ್ಕೆ ಮುದುಕಿ ಇಷ್ಟು ಕುಣಿಯುವುದೇ ಎಂದು ನಿಮಗೂ ಅನ್ನಿಸೀತು. ಹೇಳುತ್ತೇನೆ. ಓದಿದ್ದು ಮೂರನೇ ಕ್ಲಾಸು, ಹಿಂದಿನದು ಮುಂದೆ, ಮುಂದಿನದು ಹಿಂದೆ ಆದರೆ ಹೊಂದಿಸಿಕೊಳ್ಳಿ. ಇದು ಸಂತೋಷದ ಸುದ್ದಿಯೇ. ಆದರೆ ಹೇಳಲು ಕೂತರೆ ಸಂತೋಷಕ್ಕಿಂತ ಮೊದಲು ಬೇರೆಯದೇ ನಾಲಿಗೆಗೆ ಬರುತ್ತದೆ.

ಅಚ್ಚು ಹಾಕಿದ ಬಟ್ಟೆ ಎಂದರೆ ನನಗೆ ಮೊದಲು ನೆನಪಾಗುವುದು ಮಧುವನಹಳ್ಳಿಯಲ್ಲಿ ಚಿಕ್ಕವಳಿದ್ದಾಗ ನಾನು ಉಟ್ಟ ಲಂಗ. ನಮ್ಮವ್ವ ಮೈದಾ ಹಿಟ್ಟಿನ ಚೀಲ ಬಿಚ್ಚಿ ಹೊಲಿದದ್ದು. ಬಟ್ಟೆ ಗಟ್ಟಿ, ಆದರೆ ಅದರ ಮೇಲೆ ನೀಲಿ ಅಕ್ಷರಗಳಿದ್ದವು. ಅವ್ವ ಬೂದಿಯಲ್ಲಿ ಉಜ್ಜಿದಳು, ಸೀಗೆಕಾಯಲ್ಲಿ ಉಜ್ಜಿದಳು, ಕಲ್ಲಿಗೆ ಬಡಿದಳು. ಅಕ್ಷರ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅಕ್ಷರ ಹಿಂದಕ್ಕೆ ಬರುವಂತೆ ತಿರುಗಿಸಿ ಹೊಲಿದು, "ಮುಂದಿಂದ ನೋಡೋರಿಗೆ ಕಾಣಲ್ಲ ಬುಡು" ಎಂದಳು. ಸ್ಕೂಲಿನಲ್ಲಿ ಬೋರ್ಡಿನ ಮುಂದೆ ನಿಂತರೆ ಎಲ್ಲರಿಗೂ ಕಾಣುವುದು ಹಿಂದಿನದೇ ಎಂದು ಅವಳಿಗೇನು ಗೊತ್ತು? ಮೇಷ್ಟ್ರು ಕನ್ನಡಕ ಏರಿಸಿ ಓದಿದರು: "ನಿವ್ವಳ ತೂಕ ತೊಂಬತ್ತು ಕೆ.ಜಿ." ಅವತ್ತಿನಿಂದ ನನ್ನ ಹೆಸರು ಮೂಟೆ. ಊರು ಬಿಟ್ಟು ಮದುವೆಯಾಗಿ ಕೊಳ್ಳೇಗಾಲಕ್ಕೆ ಬರುವವರೆಗೂ ಮೂಟೆಯೇ. ಬಟ್ಟೆ ಹರಿದು ಒರಸುಬಟ್ಟೆಯಾಯಿತು, ಆ ಅಕ್ಷರ ಮಾತ್ರ ಕೊನೇ ಚಿಂದಿಯವರೆಗೂ ಇತ್ತು.

ಬಂದ ಮನೆ ನೇಯುವವರದು. ನನ್ನ ಯಜಮಾನರು ರೇಷ್ಮೆ ಸೀರೆ ನೇಯುತ್ತಿದ್ದರು. ನಾನು ಗೂಡು ಬೇಯಿಸಿ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದೆ. ಕುದಿಯುವ ನೀರಿಗೆ ಬೆರಳು ಹಾಕಿ ಗೂಡಿನ ಎಳೆ ಹಿಡಿಯಬೇಕು. ವರ್ಷಗಟ್ಟಲೆ ಹಾಗೆ ಮಾಡಿದರೆ ಬೆರಳ ತುದಿ ಸತ್ತುಹೋಗುತ್ತದೆ. ಈಗ ನನ್ನ ಬೆರಳಿಗೆ ರೇಷ್ಮೆಯೂ ಒಂದೇ, ಗೋಣಿಯೂ ಒಂದೇ. ಬಟ್ಟೆ ನಯವೋ ಒರಟೋ ತಿಳಿಯಬೇಕಾದರೆ ಕೆನ್ನೆಗೆ ಒತ್ತಿ ನೋಡುತ್ತೇನೆ. ಜವಳಿ ಅಂಗಡಿಯವರು ನಾನು ಸೀರೆಗೆ ಮುತ್ತು ಕೊಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಮಗ ಮಾದೇಶ ಮಗ್ಗಕ್ಕೆ ಕೂರಲಿಲ್ಲ. ಮೈಸೂರಿಗೆ ಹೋಗಿ ಬಟ್ಟೆಗೆ ಅಚ್ಚು ಹಾಕುವುದು ಕಲಿತು ಬಂದ. ಮನೆಯ ಬೀದಿ ಕೋಣೆಗೇ ಷಟರ್ ಹಾಕಿಸಿ ಅಂಗಡಿ ಮಾಡಿದ. ಕಬಡ್ಡಿ ಹುಡುಗರ ಬನಿಯನ್ನು, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಟೀ ಶರ್ಟು, ಮದುವೆಯಲ್ಲಿ ತೆಂಗಿನಕಾಯಿ ಎಲೆಯಡಿಕೆ ಹಾಕಿ ಕೊಡುವ ಬಟ್ಟೆ ಚೀಲ, ಎಲ್ಲಕ್ಕೂ ಅವನದೇ ಅಚ್ಚು. ಅಪ್ಪನಿಗೆ ಮಾತ್ರ ಅದು ಕೆಲಸವೇ ಅಲ್ಲ.

"ನೇಯಕ್ಕೆ ಬರದವ ಅಂಟಿಸ್ತಾನೆ" ಎನ್ನುತ್ತಿದ್ದರು ಯಜಮಾನರು, ಷಟರ್ ಮುಂದೆ ಹಾದು ಹೋಗುವಾಗೆಲ್ಲ.

"ನೀನು ನೇಯ್ದಿದ್ದ ಬೀರುಲಿ ಮಡಗ್ತಾರೆ ಕಣಪ್ಪ, ನಾನು ಅಂಟ್ಸಿದ್ದ ಊರೆಲ್ಲ ಆಕ್ಕಂಡು ತಿರುಗ್ತಾರೆ" ಎನ್ನುತ್ತಿದ್ದ ಇವನು, ತಲೆ ಎತ್ತದೆ.

ಈ ಕೆಲಸ ಹೇಗೆ ಗೊತ್ತಾ? ತೂತಿನ ತಟ್ಟೆಗೆ ರಂಗೋಲಿ ಪುಡಿ ಹಾಕಿ ಎಳೆದರೆ ನೆಲದ ಮೇಲೆ ಹೂ ಬೀಳುತ್ತದಲ್ಲ, ಹಾಗೆಯೇ. ಮರದ ಚೌಕಟ್ಟಿಗೆ ತೆಳ್ಳಗಿನ ಬಲೆಬಟ್ಟೆ ಬಿಗಿಯಬೇಕು. ಅದಕ್ಕೆ ಸ್ಕ್ರೀನು ಎನ್ನುತ್ತಾರೆ. ಅದರ ಮೇಲೆ ಒಂದು ಮದ್ದು ಬಳಿದು, ಚಿತ್ರ ಇಟ್ಟು, ಬೆಳಕಿಗೆ ಹಿಡಿದು ತೊಳೆದರೆ ಚಿತ್ರ ಇದ್ದಲ್ಲಿ ಮಾತ್ರ ಬಲೆಯ ಕಣ್ಣು ತೆರೆದಿರುತ್ತದೆ. ಮೇಲೆ ಬಣ್ಣ ಹಾಕಿ ರಬ್ಬರು ಪಟ್ಟಿಯಿಂದ ಎಳೆದರೆ ಅಡಿಯ ಬಟ್ಟೆಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಬಣ್ಣವನ್ನೂ ಮದ್ದನ್ನೂ ತೊಳೆದು ತೆಗೆಯಬೇಕು. ಆಗ ಅದೇ ಚೌಕಟ್ಟು ಇನ್ನೊಂದು ಚಿತ್ರಕ್ಕೆ ಆಯಿತು. ಎಳೆಯುವವನು ಮಾದೇಶ. ತೊಳೆಯುವವಳು ಅವನ ಹೆಂಡತಿ, ನನ್ನ ಸೊಸೆ ರತ್ನ. ಮದುವೆಯಾಗಿ ಬಂದ ಹೊಸದರಲ್ಲೇ ಆ ಕೆಲಸ ಅವಳ ಪಾಲಿಗೆ ಬಂತು. ಅವನು ಒಳಗಿನಿಂದ "ರತ್ನೀ, ತಕೋ" ಎಂದು ಕೂಗಿ ಬಣ್ಣ ಸುರಿಯುವ ಚೌಕಟ್ಟನ್ನು ಹಿತ್ತಲ ಬಾಗಿಲಿಗೆ ಒರಗಿಸುವುದು, ಇವಳು ಸೆರಗು ಸಿಕ್ಕಿಸಿಕೊಂಡು ನಲ್ಲಿಯ ಹತ್ತಿರ ಕೂತು ಉಜ್ಜುವುದು. ಇದೇ ಅವರ ಸಂಸಾರ. ಇವಳ ಕೈ ಯಾವತ್ತೂ ಒಂದು ಬಣ್ಣದಲ್ಲಿ ಇರುತ್ತಿರಲಿಲ್ಲ. ಸೋಮವಾರ ನೀಲಿ, ಬುಧವಾರ ಕೆಂಪು. ಅನ್ನ ಕಲೆಸುವಾಗ ನನಗೇ ನೋಡಲು ಆಗುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಮಾದೇಶ ಹನೂರಿನ ಯಾರದೋ ಮದುವೆಯ ಚೀಲಕ್ಕೆ ಅಚ್ಚು ಹಾಕುತ್ತಿದ್ದ. ಕೈಯಲ್ಲಿ ರಬ್ಬರು ಪಟ್ಟಿ ಹಿಡಿದವನು ಹಾಗೇ ಹಲಗೆಯ ಮೇಲೆ ಬಗ್ಗಿದ. ಬಗ್ಗಿ ನೋಡುತ್ತಿದ್ದಾನೆ ಎಂದುಕೊಂಡೆ ನಾನು. ಮೈಸೂರಿಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಮುಗಿಯಿತು. ಎದೆಯದು ಎಂದರು. ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ, ಅವನದು ನಿಂತಿತು. ಇದರಲ್ಲಿ ಏನು ನ್ಯಾಯ ಎಂದು ಮಾದಪ್ಪನನ್ನು ಕೇಳಿ ಕೇಳಿ ನನಗೇ ಸಾಕಾಯಿತು.

ಕಾರ್ಯವೆಲ್ಲ ಮುಗಿದ ಮೇಲೆ ಯಜಮಾನರು ಮಗನ ಫೋಟೊ ದೊಡ್ಡದು ಮಾಡಿಸಿ ತಂದರು. ರತ್ನ ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ಅಂಗಡಿಗೆ ಹೋಗಿ ಹಲಗೆಯ ಮೇಲೆ ಹಾಗೇ ಬಿದ್ದಿದ್ದ, ಬಣ್ಣ ಒಣಗಿ ಕಚ್ಚಿಕೊಂಡಿದ್ದ ಆ ಕೊನೆಯ ಸ್ಕ್ರೀನನ್ನು ತಂದು, ನಡುಮನೆಯ ಗೋಡೆಯಲ್ಲಿ ಫೋಟೊಗೆಂದು ಹೊಡೆದ ಮೊಳೆಗೆ ತಗುಲಿಸಿದಳು.

"ಇದೇನವ್ವ?" ಎಂದೆ.

"ಆ ಮೊಕ ನೋಡಕಾಗಲ್ಲ ಅತ್ತೆ. ಇದ ನೋಡ್ತೀನಿ. ಇದು ಅವರ ಕೈ."

ಅದಕ್ಕೆ ಶುಕ್ರವಾರ ಶುಕ್ರವಾರ ಕುಂಕುಮ, ಒಂದು ತುಂಡು ಮಲ್ಲಿಗೆ, ಊದುಬತ್ತಿ. ಆ ಸ್ಕ್ರೀನಿನಲ್ಲಿ ಏನಿತ್ತು ಅಂತೀರಿ? ಎರಡು ಬಾಳೆಕಂಬ, ನಡುವೆ "ಮಂಜು – ಕಾವ್ಯ". ಸತ್ತವರ ಫೋಟೊ ಇರಬೇಕಾದ ಜಾಗದಲ್ಲಿ ಕಂಡುಕೇಳರಿಯದ ಹುಡುಗ ಹುಡುಗಿಯ ಮದುವೆ. ಗ್ಯಾಸಿನವನು ಸಿಲಿಂಡರ್ ಇಳಿಸಿ, ಕೈ ಮುಗಿದು, "ಮಂಜು ನಿಮಗೇನಾಗ್ಬೇಕಿತ್ತಮ್ಮ? ಚಿಕ್ಕ ವಯಸ್ಸಾ?" ಎಂದು ಕೇಳಿದ. ಆ ಮಂಜು, ಆ ಕಾವ್ಯ ಹನೂರಿನಲ್ಲಿ ಚೆನ್ನಾಗಿಯೇ ಇದ್ದಾರು, ಮಗುವೂ ಆಗಿದ್ದೀತು. ಪಾಪ, ಅವರ ಮನೆಯವರು ಒಂದು ಮಾತೂ ಆಡದೆ ಅಚ್ಚಿಲ್ಲದ ಬರೀ ಚೀಲ ಕೊಟ್ಟು ಮದುವೆ ಮುಗಿಸಿದರಂತೆ. ತಮ್ಮ ಹೆಸರಿಗೆ ಇಲ್ಲೊಂದು ಮನೆಯಲ್ಲಿ ವಾರವಾರ ಊದುಬತ್ತಿ ಹಚ್ಚುತ್ತಾರೆ ಎಂದು ಗೊತ್ತಾಗಿದ್ದರೆ ಹೆದರಿ ಜ್ವರ ಹಿಡಿಯುತ್ತಿತ್ತು.

ಸಿಂಧು ಮಾದೇಶನ ಒಬ್ಬಳೇ ಮಗಳು. ಡಿಗ್ರಿ ಮುಗಿಸಿದಳು. ಈ ವರ್ಷ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಷಟರ್ ಎತ್ತಿದಳು. ಆ ಸದ್ದಿಗೆ ನಾವು ಮೂವರೂ ಎದ್ದು ಬಂದೆವು. ಯಾರು ಬಂದರು ಎಂದುಕೊಂಡು ಬಂದೆವೋ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಒಳಗೆ ಇಲಿಗಳು ಮನೆ ಮಾಡಿದ್ದವು. ಗೋಡೆಗೆ ಒರಗಿಸಿದ್ದ ಚೌಕಟ್ಟುಗಳ ಬಲೆಬಟ್ಟೆಯನ್ನೆಲ್ಲ ಕಡಿದು ಹಾಕಿದ್ದವು. ಅವಳು ಗುಡಿಸಿದಳು, ಬಳಿದಳು, ಬೋರ್ಡು ಒರೆಸಿದಳು, ಕೂತಳು. ಸುಮಾರು ದಿನ ಯಾರೂ ಬರಲಿಲ್ಲ. ಬಂದವರೂ ಒಳಗೆ ಹುಡುಗಿಯನ್ನು ನೋಡಿ, "ಯಾರೂ ಇಲ್ವಾ?" ಎಂದು ಕೇಳಿ ಹೋದರು.

ಆಮೇಲೆ ಒಬ್ಬರು ಪಿ.ಟಿ. ಮೇಷ್ಟ್ರು ಬಂದರು. ಬಿಳಿಗಿರಿರಂಗನ ಬೆಟ್ಟದ ಕಡೆಯವರು, ಯಳಂದೂರಿನ ಮೇಲೆ ಬಸ್ಸಿನಲ್ಲಿ ಇಳಿದು ಬಂದಿದ್ದರು. ಕಾಡಿನೊಳಗಿನ ಪೋಡು ಎನ್ನುವ ಹಟ್ಟಿಗಳ ಹೆಣ್ಣುಮಕ್ಕಳಿಗೆ ಕೊಕ್ಕೊ ಕಲಿಸುತ್ತಾರಂತೆ. ಅವರಲ್ಲೇ ಒಬ್ಬಳು ಬರೆದ ಚಿತ್ರ ತಂದಿದ್ದರು: ಬಂಡೆಗೆ ಕಟ್ಟಿದ ಜೇನುಹುಟ್ಟು, ಸುತ್ತ ನೊಣ. ಹುಟ್ಟಿನಲ್ಲಿ ಎಷ್ಟು ಸಣ್ಣ ಸಣ್ಣ ಮನೆಗಳು ಅಂತೀರಿ, ಒಂದೊಂದನ್ನೂ ಗೀಚಿದ್ದಳು ಆ ಮಗು.

"ಒಂದೇ ಮಾತು ಕಣಮ್ಮ" ಎಂದರು ಮೇಷ್ಟ್ರು. "ನೋಡಕ್ಕೆ ಎಂಗಾದ್ರೂ ಇರ್ಲಿ. ಆಡುವಾಗ ಮೈಮೇಲೆ ಅಂಗಿ ಅದೆ ಅಂತ ಮಕ್ಳಿಗೆ ಗೊತ್ತಾಗ್ಬಾರ್ದು. ಅವು ಯಾವತ್ತೂ ಇಂತದ್ದ ಆಕಿಲ್ಲ."

"ಆಯ್ತು ಸಾ" ಎಂದಳು ಸಿಂಧು.

ಸಂಜೆ ಅವಳು ಹಸಿರು ಬಟ್ಟೆಯ ಮೂರು ತುಂಡು ತಂದು ನಮ್ಮ ಮುಂದೆ ಹರಡಿದಳು. ಮೂರರಲ್ಲೂ ಬಿಳೀ ಏಳನೇ ನಂಬರು. ಒಂದು, ಕಂಪ್ಯೂಟರಿನಲ್ಲಿ ತೆಗೆದು ಇಸ್ತ್ರಿ ಒತ್ತಿ ಅಂಟಿಸುವ ಸ್ಟಿಕ್ಕರು. ಇನ್ನೊಂದು, ಬಟ್ಟೆಯ ಮೇಲೆ ದಪ್ಪಗೆ ಕೂರುವ ರಬ್ಬರು ಬಣ್ಣ. ಮೂರನೆಯದಕ್ಕೆ ಡಿಸ್ಚಾರ್ಜು ಎಂದಳು. ಅದು ಬಣ್ಣ ಹಾಕುವುದಲ್ಲವಂತೆ, ಬಟ್ಟೆಗೆ ಇರುವ ಬಣ್ಣವನ್ನೇ ಅಷ್ಟು ಜಾಗದಲ್ಲಿ ತೆಗೆಯುವುದಂತೆ.

"ಯಾವ್ದು ಚಂದ ಏಳಜ್ಜಿ."

ನನಗೆ ಮಿರಿಮಿರಿ ಮಿಂಚುವ ಸ್ಟಿಕ್ಕರೇ ಚೆನ್ನಾಗಿ ಕಂಡಿತು. ನನ್ನ ಆಯ್ಕೆ ಯಾವಾಗಲೂ ಹಾಗೆ, ಮಿಂಚಿದರೆ ಸಾಕು. "ಕಣ್ಣಲ್ಲಲ್ಲ ಅಜ್ಜಿ, ಕೆನ್ನೇಲಿ" ಎಂದು ನಕ್ಕಳು. ಒತ್ತಿ ನೋಡಿದೆ. ಸ್ಟಿಕ್ಕರು ತಣ್ಣಗೆ ಹಲ್ಲಿಯಂತೆ ಕಚ್ಚಿತು. ರಬ್ಬರು ಮೊಂಡುಮೊಂಡಾಗಿ ಸಿಕ್ಕಿತು. ಮೂರನೆಯದರಲ್ಲಿ ಏಳು ಎಲ್ಲಿದೆ ಎಂದು ಹುಡುಕಿ ಹುಡುಕಿ ಕೆನ್ನೆ ಕೆಂಪಾಯಿತೇ ಹೊರತು ಸಿಗಲಿಲ್ಲ. ಬಟ್ಟೆ ಬಿಟ್ಟು ಬೇರೆ ಏನೂ ಇರಲಿಲ್ಲ ಅಲ್ಲಿ.

ಯಜಮಾನರು ಆ ತುಂಡನ್ನು ನನ್ನ ಕೈಯಿಂದ ಕಿತ್ತುಕೊಂಡು, ದೀಪಕ್ಕೆ ಹಿಡಿದು, ಉಗುರಿನಲ್ಲಿ ಎಳೆ ಬಿಡಿಸಿ ನೋಡಿದರು. "ಇದು ಪರ್ವಾಗಿಲ್ಲ. ನೂಲೊಳಕ್ಕೇ ಓಗದೆ" ಎಂದರು. ಇದನ್ನು ಮಾದೇಶನೂ ಮಾಡುತ್ತಿದ್ದ. ಷಟರ್ ಮುಂದೆ ಅಷ್ಟು ವರ್ಷ ಓಡಾಡಿದವರು ಒಂದು ದಿನ ಒಳಗೆ ಬಂದು ಮುಟ್ಟಿ ನೋಡಿದ್ದರೆ! ಆ ಮಾತು ಅವರ ಬಾಯಿಗೂ ಬಂದಿರಬೇಕು. ತುಂಡನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಎದ್ದು ಬೀದಿಗೆ ಹೋದರು.

ಆದರೆ ಯಾವ ಬಗೆ ಎಂದು ಆರಿಸಿಕೊಂಡ ಮೇಲೆ ಗೊತ್ತಾಯಿತು ಕಷ್ಟ. ನಂಬರಿಗೆ ಅವಳು ಹೇಗೋ ಬಿಗಿದ ಒರಟು ಬಲೆ ಸಾಕು. ಜೇನುಹುಟ್ಟಿನ ಸಣ್ಣ ಸಣ್ಣ ಮನೆಗೆ ನವಿರಾದ ಬಲೆ ಬೇಕು, ತಮಟೆಯಂತೆ ಬಿಗಿದಿರಬೇಕು. ಸಿಂಧು ಹೊಸ ಬಲೆಬಟ್ಟೆ ತಂದು ತಾನೇ ಬಿಗಿದಳು. ಸಡಿಲವಾಯಿತು. ಮತ್ತೆ ಬಿಗಿದಳು. ಒಂದು ಮೂಲೆ ಎಳೆದರೆ ಇನ್ನೊಂದು ಮೂಲೆ ಸೊರಗಿತು. ಜೇನುಹುಟ್ಟು ಅಚ್ಚಿಗೆ ಬಿದ್ದರೆ ಸಗಣಿ ತಟ್ಟಿದ ಹಾಗಾಯಿತು. ಉಳಿದ ಕೆಲಸವೆಲ್ಲ ಹೇಳಿಕೊಟ್ಟಿದ್ದ ಅವಳಪ್ಪ ಬಿಗಿಯುವುದನ್ನು ಮಾತ್ರ ಅವಳಿಗೆ ಇನ್ನೂ ಕಲಿಸಿರಲಿಲ್ಲ. ಅವನ ಕೈಯಲ್ಲಿ ಬಿಗಿದದ್ದು, ಇಲಿ ಮುಟ್ಟದೆ ಉಳಿದದ್ದು, ಮನೆಯಲ್ಲಿ ಒಂದೇ ಒಂದು ಇತ್ತು. ಅದು ಎಲ್ಲಿತ್ತು ಎಂದು ನಿಮಗೆ ಗೊತ್ತು.

ಅವಳು ಅಮ್ಮನನ್ನು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅದನ್ನು ತೆಗೆದುಕೊಂಡರೆ ತೊಳೆಯಬೇಕು, ತೊಳೆದರೆ ಮಾದೇಶ ಬಿಟ್ಟು ಹೋದದ್ದು ಅಳಿಸಿಹೋಗುತ್ತದೆ. ಆ ಮೊಳೆಯ ಕಡೆ ನೋಡುತ್ತಾ ಜೀವ ಹಿಡಿದುಕೊಂಡಿರುವವಳ ಹತ್ತಿರ ಯಾವ ಬಾಯಲ್ಲಿ ಕೇಳುವುದು? ಸಿಂಧು ಸುಮ್ಮನೆ ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಟಿಕ್ಕರ್ ಅಂಗಡಿಗೆ ಹೋದಳು. ಪಾಲಾರ್ ಕಡೆಯ ಹುಡುಗ, ಅರ್ಧ ತಮಿಳು ಅರ್ಧ ಕನ್ನಡ. "ಅಕ್ಕಾ, ರೊಂಬ ಈಸಿ, ಸಾಯಂಕಾಲಕ್ಕೆ ಎಲ್ಲಾ ಮುಗಿಸಿ ಕೊಡ್ತೀನಿ" ಎಂದನಂತೆ. ಒಂದು ಅಂಗಿಗೆ ಅಂಟಿಸಿಕೊಂಡು ಬಂದು, ಪರೀಕ್ಷೆಗೆಂದು ತಾನೇ ಹಗಲೆಲ್ಲ ತೊಟ್ಟು ಓಡಾಡಿ, ಸಂಜೆ ಒಗೆಯುವ ಬಟ್ಟೆಗೆ ಹಾಕಿದಳು.

ಒಗೆಯುವವಳು ರತ್ನ. ಒದ್ದೆ ಅಂಗಿ ಹಿಡಿದುಕೊಂಡೇ ನಡುಮನೆಗೆ ಬಂದಳು. ಜೇನುಹುಟ್ಟಿನ ಒಂದು ಅಂಚು ಎದ್ದು ನಿಂತಿತ್ತು.

"ಏನೇ ಇದು, ಗಾಯಕ್ಕೆ ಪಟ್ಟಿ ಅಂಟ್ಸುದಂಗದೆ?"

"ಸ್ಯಾಂಪಲ್ಲು ಕಣವ್ವ."

"ಬೆಟ್ಟದ ಮಕ್ಳಿಗೆ ಇದ ಕೊಟ್ಟೀಯಾ? ನಿನ್ನ ಎದೆ ನೋಡ್ಕೊ, ಬೆವ್ರುಸಾಲೆ ಎಂಗೆ ಎದ್ದದೆ. ಮೇಷ್ಟ್ರಿಗೆ ಏನ್ ಅಂದಿದ್ದೆ ನೀನು? ನಿಮ್ಮಪ್ಪ ಇದ್ದಿದ್ರೆ..."

"ಅಪ್ಪ ಇದ್ದಿದ್ರೆ ಸ್ಕ್ರೀನು ಬಿಗಿತಿದ್ದ!" ಎಂದಳು ಸಿಂಧು. "ನಂಗೆ ಬಿಗಿಯಕ್ಕೆ ಬರಲ್ಲ. ಬಿಗಿಯಾಗಿರದು ಒಂದೇ ಅದೆ. ಅದು ಗೋಡೆ ಮ್ಯಾಲದೆ."

ನಾನು ಸುಮ್ಮನಿರಬಾರದೇ? "ಮೈಸೂರಲ್ಲಿ ಬಿಗುಸ್ಕಂಡ್ ಬಂದ್ರಾಯ್ತು ಬುಡ್ರಪ್ಪ" ಎಂದೆ. "ವಾರ ಬೇಕಂತೆ ಅಜ್ಜಿ, ಶನಿವಾರ ಆಟ" ಎಂದಳು ಸಿಂಧು. ರತ್ನ ಆ ಅಂಗಿಯನ್ನು ಹಿಂಡಿದಳು. ಹಿಂಡಿದ ನೀರು ನಡುಮನೆಯ ನೆಲದ ಮೇಲೇ ಬಿತ್ತು. ಹೊರಗೆ ಹೋಗಿ ತಂತಿಗೆ ಹರವಿದಳು.

ಮಾರನೆಯ ದಿನ ಬೆಳಿಗ್ಗೆ ನಾನು ಕಾಫಿಗೆಂದು ಒಳಗೆ ಬಂದರೆ ಮೊಳೆ ಬರಿದಾಗಿತ್ತು. ಹಿತ್ತಲಿಗೆ ಓಡಿದೆ. ರತ್ನ ನಲ್ಲಿಯ ಹತ್ತಿರ ಸೆರಗು ಸಿಕ್ಕಿಸಿಕೊಂಡು ಕೂತಿದ್ದಳು. ಮುಂದೆ ಸ್ಕ್ರೀನು, ಸೀಮೆಎಣ್ಣೆ, ಹಳೇ ಬ್ರಶ್ಶು, ಬ್ಲೀಚಿಂಗ್ ಪುಡಿ ಕದಡಿದ ಬಕೆಟ್ಟು. ಮರದ ಮೇಲೆ ದಪ್ಪವಾಗಿ ಕೂತಿದ್ದ ಕುಂಕುಮ ಆಗಲೇ ಒರೆಸಿಯಾಗಿತ್ತು.

"ನೀರ್ ಉಯ್ಯಿ ಅತ್ತೆ" ಎಂದಳು, ತಲೆ ಎತ್ತದೆ.

ಉಯ್ದೆ. ಒಣಗಿ ಕಲ್ಲಾಗಿದ್ದ ಕೆಂಪು ಬಣ್ಣ ಬೇಗ ಬಿಡಲಿಲ್ಲ. ಅವಳು ಆತುರ ಮಾಡಲಿಲ್ಲ. ಮಗುವಿನ ತಲೆಯ ಹೊಟ್ಟು ನೆನೆಸಿ ತೆಗೆಯುವ ಹಾಗೆ, ಬಲೆಗೆ ಎಲ್ಲಿಯೂ ನೋವಾಗದಂತೆ, ಸುತ್ತಿ ಸುತ್ತಿ ಉಜ್ಜಿದಳು. ಉಜ್ಜುತ್ತಾ ಮಾತು ಬಂತು.

"ಅವತ್ತೇ ತೊಳಿಬೇಕಿತ್ತು ಇದ. ಕೆಲ್ಸದ ನಡುವೆ ಬಲೆ ಕಟ್ಕಂಡು, ರತ್ನೀ ತಕೋ ಅಂತ ಕೂಗುದ್ರು. ನಾನು ಒಲೆ ಮುಂದಿದ್ದೆ. ಬತ್ತೀನಿ, ವಸಿ ತಡೀರಿ ಅಂದೆ." ಬ್ರಶ್ಶು ನಿಂತಿತು. "ತಡೀರಿ ಅಂದೆ ಅತ್ತೆ. ತಡಿಲಿಲ್ಲ."

ಎರಡು ವರ್ಷದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ಒಂದೇ ಸೂರಿನಡಿ ಇದ್ದೆವು. ನಾನು ಮಗನಿಗಾಗಿ ಅತ್ತೆ, ಇವಳು ಗಂಡನಿಗಾಗಿ ಅತ್ತಳು ಎಂದುಕೊಂಡಿದ್ದೆ. ಇವಳು ಒಂದು ಮಾತಿಗಾಗಿ ಅಳುತ್ತಿದ್ದಳು. ಚೊಂಬು ತುಂಬಿ ಇನ್ನೊಂದು ಸಲ ನೀರು ಉಯ್ದೆ. "ಉಜ್ಜವ್ವ" ಎಂದೆ. ಅವಳು ಉಜ್ಜಿದಳು. ಬಾಳೆಕಂಬ ಹೋಯಿತು. ಮಂಜು ಹೋದ. ಕಾವ್ಯ ಸ್ವಲ್ಪ ಹೊತ್ತು ತಡೆದಳು, ಆಮೇಲೆ ಅವಳೂ ಹೋದಳು. ಕೆಂಪು ನೀರು ದಾಸವಾಳದ ಬುಡಕ್ಕೆ ಹರಿಯಿತು.

ಸಿಂಧು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು ಎಂದು ಆಗ ಗೊತ್ತಾಯಿತು. ಬಂದು ಚೌಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದಳು. ಬಲೆಯ ತುಂಬ ಆಕಾಶ ಕಂಡಿತು. ಅದರೊಳಗೆ ತೆಳ್ಳಗೆ, ಹೌದೋ ಅಲ್ಲವೋ ಎನ್ನುವ ಹಾಗೆ, ಅದೇ ಅಕ್ಷರಗಳು.

"ನೆರಳು ಉಳಿತದೆ ಕಣವ್ವ, ಇಷ್ಟು ದಿನ ಬುಟ್ರೆ. ಇದು ಯಾವ್ದ್ರಲ್ಲಿ ಉಜ್ಜುದ್ರೂ ಓಗಲ್ಲ."

"ಮಕ್ಳ ಅಂಗಿಗೆ ಬಿದ್ದದೇನೆ?" ರತ್ನ ಗಾಬರಿಯಾದಳು.

"ಇಲ್ಲ. ಕಣ್ಣೆಲ್ಲ ತೆಗೆದವೆ. ಅಚ್ಚಿಗೆ ಬೀಳಲ್ಲ."

"ಅಂಗಾದ್ರೆ ಇರ್ಲಿ ಬುಡು" ಎಂದು ರತ್ನ ಕೈ ಒರೆಸಿಕೊಂಡಳು. ಅಂಗೈ ಕೆಂಪಾಗಿತ್ತು.

ಅವತ್ತಿಂದ ಅಂಗಡಿಯಲ್ಲಿ ತಾಯಿ ಮಗಳಿಬ್ಬರೂ. ಈ ಡಿಸ್ಚಾರ್ಜಿನ ವಿಚಿತ್ರ ಕೇಳಿ: ಎಳೆದಾಗ ಏನೂ ಕಾಣುವುದಿಲ್ಲ. ಹಸಿರು ಅಂಗಿ ಹಸಿರಾಗಿಯೇ, ಬರೀ ಒದ್ದೆ. ನಾನು ಒಣಹಾಕಿದ ಅಂಗಿಗಳನ್ನು ನೋಡಿ, "ಅಯ್ಯೋ, ಒಂದ್ರಲ್ಲೂ ಬಿದ್ದಿಲ್ವಲ್ರೇ!" ಎಂದು ಬೀದಿಗೆ ಕೇಳುವಂತೆ ಬೊಬ್ಬೆ ಹೊಡೆದೆ. ಸಿಂಧು ಒಂದು ಅಂಗಿ ಹಾಸಿ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದಳು. ಹೊಗೆಯ ಜೊತೆ ಕೊಳೆತ ಮೊಟ್ಟೆಯ ನಾತ ಎದ್ದಿತು. ಬೀದಿಯಿಂದ ಯಜಮಾನರು, "ಯಾವಳೇ ಅದು ಮೊಟ್ಟೆ ಒಡ್ದೋಳು?" ಎಂದು ಮೂಗು ಮುಚ್ಚಿಕೊಂಡರು. ಸಿಂಧು ಪೆಟ್ಟಿಗೆ ಎತ್ತಿದಳು. ಹಸಿರಿನೊಳಗಿಂದ ಒಂದೊಂದೇ ಮನೆ, ಒಂದೊಂದೇ ನೊಣ, ಬೆಳ್ಳಗೆ ಮೇಲೆ ಬಂತು. ಮೂಗು ಹಿಡಿದುಕೊಂಡೇ ಯಜಮಾನರು ಒಳಗೆ ಬಂದರು. ಬಂದವರು ಸಂಜೆಯವರೆಗೂ ಹೋಗಲಿಲ್ಲ. ಇಸ್ತ್ರಿ ಆದ ಅಂಗಿಗಳನ್ನು ಮಡಚುತ್ತಾ ಕೂತರು, ಮಗ್ಗದಿಂದ ಇಳಿಸಿದ ಸೀರೆ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ.

ಎಲ್ಲವನ್ನೂ ಒಗೆದು ಒಣಗಿಸಿಟ್ಟರು. ಹೊಸ ಬಟ್ಟೆ ಮಕ್ಕಳ ಮೈಗೆ ಹೋಗುವ ಮೊದಲು ಮೂಲೆಗೆ ಅರಿಶಿನ ಮುಟ್ಟಿಸಬೇಡವೇ? ಯಾರೂ ಇಲ್ಲದ ಹೊತ್ತು ನೋಡಿ ನಾನು ಅರಿಶಿನ ಕಲೆಸಿ ಪ್ರತಿ ಅಂಗಿಯ ಕೆಳಗಿನ ಅಂಚಿಗೂ ಒಂದೊಂದು ಬೊಟ್ಟು ಇಟ್ಟೆ. ಸಿಂಧು ನೋಡಿ ತಲೆ ಮೇಲೆ ಕೈ ಹೊತ್ತಳು. "ಅಜ್ಜೀ, ಇದು ಆರ್ಡ್ರು ಕಣಜ್ಜಿ! ನಮ್ಮನೆ ಸೀರೆ ಅಲ್ಲ!" ಮೇಷ್ಟ್ರು ಬಂದು ಅಂಗಿ ಬಿಡಿಸಿ, ಆ ಹಳದಿ ಬೊಟ್ಟು ನೋಡಿ, "ಇದೂ ಡಿಸೈನಾ?" ಎಂದರು. ಸಿಂಧು ನನ್ನನ್ನು ನೋಡಿದಳು. "ಊಂ ಸಾ" ಎಂದಳು. ಎಷ್ಟೋ ಸಲ ಸವರಿ ನೋಡಿ, "ಜೇನು ಕೈಗೇ ಸಿಗಲ್ವಲ್ಲಮ್ಮ" ಎಂದು ಹೇಳಿ ಅವರು ಗಂಟು ಕಟ್ಟಿಕೊಂಡು ಹೋದರು.

ಇವತ್ತಿನ ಆಟಕ್ಕೆ ರತ್ನ ಬರಲಿಲ್ಲ. ಬಾರವ್ವ ಎಂದು ಕರೆದೆ, "ಕೆಲ್ಸ ಅದೆ" ಎಂದಳು. ಸಿಂಧುವೂ ನಾನೂ ಸಂಜೆ ಮನೆಗೆ ಬಂದಾಗ ಅವಳ ಕೆಲಸ ಏನೆಂದು ಗೊತ್ತಾಯಿತು. ನಡುಮನೆ ಗುಡಿಸಿ ಸಾರಿಸಿ ಚಾಪೆ ಹಾಸಿದ್ದಳು.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಆ ಸ್ಕ್ರೀನು ಗೋಡೆಗೆ ಏರಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ನಡುಮನೆಯಲ್ಲಿ ಕೂತು ಉಂಡಿರಲಿಲ್ಲ. ಅದರ ಮುಂದೆ ಅನ್ನ ಇಳಿಯುತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಒಬ್ಬರಾದ ಮೇಲೆ ಒಬ್ಬರು, ಹಸಿವಾದಾಗ ಹಾಕಿಕೊಂಡು ತಿಂದು ತಟ್ಟೆ ತೊಳೆದಿಡುವುದು. ರತ್ನ ಯಾವಾಗ ಉಣ್ಣುತ್ತಿದ್ದಳು, ಉಣ್ಣುತ್ತಿದ್ದಳೋ ಇಲ್ಲವೋ, ನಾವು ನೋಡಿದ್ದೇ ಇಲ್ಲ.

ಕೂತೆವು. ಯಜಮಾನರು, ನಾನು, ಸಿಂಧು. ಯಳಂದೂರಿಗೆ ಕೊಟ್ಟ ನನ್ನ ಮಗಳು ಪುಟ್ಟಿಯೂ ಅಳಿಯನೂ ಸುದ್ದಿ ಕೇಳಿ ಬಂದಿದ್ದರು. ರತ್ನ ಬಿಸಿ ಮುದ್ದೆ, ಉಪ್ಸಾರು, ಖಾರ ತಂದಿಟ್ಟು ಎಲ್ಲರಿಗೂ ಬಡಿಸಿದಳು. ಬಡಿಸಿ ಒಳಗೆ ಹೊರಟವಳ ಸೆರಗನ್ನು ಪುಟ್ಟಿ ಹಿಡಿದು ಎಳೆದಳು. "ಎಲ್ಲಿಗ್ ಓಗ್ತೀಯೆ ಅತ್ತಿಗೆ? ಕೂತ್ಕಳೆ!" ರತ್ನ ಬರೀ ಮೊಳೆ ಉಳಿದ ಗೋಡೆಯ ಕಡೆ ಒಮ್ಮೆ ನೋಡಿದಳು. ಕೂತಳು.

ಯಜಮಾನರು ಒಂದು ತುತ್ತು ನುಂಗಿ, "ಉಪ್ಪು ವಸಿ ಮುಂದದೆ ಕಣವ್ವ" ಎಂದರು.

"ನಿಮ್ಮ ಮಗ ಒಂದಿನ್ವೂ ಅಂಗಂದಿಲ್ಲ."

"ಅವ್ನು ಎದ್ರುಕತಿದ್ದ ನಿಂಗೆ."

ಪುಟ್ಟಿ ನಕ್ಕಳು. ಅಳಿಯನಿಗೆ ನೆತ್ತಿ ಹತ್ತಿತು. ರತ್ನಳೂ ನಕ್ಕಳು, ನಗುತ್ತಲೇ ಅವಳ ಕಣ್ಣು ಹರಿಯತೊಡಗಿತು. ಯಾರೂ ಸುಮ್ಮನಿರು ಎನ್ನಲಿಲ್ಲ, ಯಾರೂ ಉಣ್ಣುವುದನ್ನು ನಿಲ್ಲಿಸಲಿಲ್ಲ. ಅವಳೂ ನಿಲ್ಲಿಸಲಿಲ್ಲ. ಕಣ್ಣೀರನ್ನು ತೋಳಿಗೆ ಒರೆಸಿಕೊಂಡು ತಟ್ಟೆಯನ್ನು ಸಿಂಧುವಿನ ಕಡೆ ಚಾಚಿ, "ಇನ್ನೊಂದ್ ಮುದ್ದೆ ಆಕು ಕಣೆ" ಎಂದಳು.